ಗೋವಾದ ಬ್ಲೂತ್ನರೋ, ಮುಂಬೈಯ ಪೆಟ್ರೋಫೋ?

ಪ್ರಶ್ನೆ: ನಮ್ಮ ಮನೆ ಬೆಳಗಾವಿಯ ಟಿಳಕವಾಡಿಯಲ್ಲಿದೆ. ಮಗಳು ಟ್ರಿನಿಟಿ ಪರೀಕ್ಷೆಯ 6ನೇ ಗ್ರೇಡ್ ಮುಗಿಸಿದ್ದಾಳೆ, ಈವರೆಗೆ ಡಿಜಿಟಲ್ ಪಿಯಾನೋದಲ್ಲೇ ಅಭ್ಯಾಸ. ಈಗ ಗ್ರ್ಯಾಂಡ್ ಪಿಯಾನೋ ಕೊಳ್ಳಬೇಕೆಂದಿದ್ದೇವೆ. ಎರಡು ನೋಡಿದೆವು. ಒಂದು, ಗೋವಾದ ಹಳೇ ಮನೆಯೊಂದರಲ್ಲಿರುವ ಬ್ಲೂತ್ನರ್ ಕಂಪನಿಯ ಪಿಯಾನೋ: 190 ಸೆಂ.ಮೀ. ಉದ್ದ, ನೂರು ವರ್ಷಕ್ಕೂ ಹಳೆಯದು. ಇನ್ನೊಂದು, ಮುಂಬೈಯಲ್ಲಿ 20 ವರ್ಷ ಬಳಸಿದ 173 ಸೆಂ.ಮೀ. ಪೆಟ್ರೋಫ್. ಎರಡನ್ನೂ ಆಗಸ್ಟ್‌ನಲ್ಲಿ ನೋಡಿ ಬಂದೆವು. ಬ್ಲೂತ್ನರ್ ನಾದ ಬಹಳ ಮೃದು, ಮನಸ್ಸಿಗೆ ಹಿಡಿಸಿತು. ಪೆಟ್ರೋಫ್ ಮೇಲಿನ ಸ್ವರಗಳಲ್ಲಿ ಕಿರುಚುತ್ತದೆ. ನಮ್ಮ ಹಾಲ್ 18 ಅಡಿಗೆ 14 ಅಡಿ, ಟೈಲ್ಸ್ ನೆಲ. ಎರಡು ವರ್ಷದಲ್ಲಿ ವಿಜಯಪುರಕ್ಕೆ ವರ್ಗವಾಗಬಹುದು. ಕಿವಿಗೆ ಹಿಡಿಸಿದ್ದನ್ನೇ ತೆಗೆದುಕೊಳ್ಳಬಹುದೇ?

ಉತ್ತರ: ಕಿವಿಯ ಮಾತು ಕೇಳಿ, ಆದರೆ ಎಲ್ಲಕ್ಕಿಂತ ಕೊನೆಗೆ ಕೇಳಿ.

ನೀವು ಕೇಳಿಸಿಕೊಂಡ ನಾದದಲ್ಲಿ ನಾಲ್ಕು ಸಂಗತಿ ಬೆರೆತಿವೆ: ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಯಾದ ಹ್ಯಾಮರ್‌ನ ಫೆಲ್ಟ್ (ಉಣ್ಣೆಯ ಹೊದಿಕೆ), ಅಂದಿನ ಶ್ರುತಿ, ಆ ಕೋಣೆ, ಮತ್ತು ಸೌಂಡ್‌ಬೋರ್ಡ್ (ನಾದ ಹೊಮ್ಮಿಸುವ ಹಲಗೆ) ಹಾಗೂ ಬ್ರಿಡ್ಜ್ (ತಂತಿಯ ಕಂಪನವನ್ನು ಹಲಗೆಗೆ ಇಳಿಸುವ ಏಣು) ಸೇರಿದ ಪಿಯಾನೋದ ಒಡಲು. ಮೊದಲ ಮೂರನ್ನು ಒಂದು ದಿನದಲ್ಲೋ ಒಂದು ವಾರದಲ್ಲೋ ಬದಲಿಸಬಹುದು. ನಾಲ್ಕನೆಯದನ್ನು ಬದಲಿಸಲು ಹೊರಟರೆ ಪಿಯಾನೋದ ಬೆಲೆಗಿಂತ ಹೆಚ್ಚು ಖರ್ಚು ಬರುತ್ತದೆ. ಕೊಳ್ಳುವವರು ಹೆಚ್ಚಾಗಿ ಮೊದಲ ಮೂರಕ್ಕೆ ಮರುಳಾಗಿ ನಾಲ್ಕನೆಯದನ್ನು ನೋಡದೇ ಬರುತ್ತಾರೆ. ಮಿರಜ್‌ನಲ್ಲಿ ತಂಬೂರಿ ಕೊಂಡವರಿಗೆ ಇದು ಹೊಸತಲ್ಲ. ಜವಾರಿ, ಅಂದರೆ ತಂತಿ ಕೂರುವ ಕುದುರೆಯಿಂದ ಬರುವ ಝೇಂಕಾರ, ಸವೆದಿದ್ದರೆ ಕುದುರೆಯನ್ನು ಉಜ್ಜಿ ಮತ್ತೆ ಜವಾರಿ ತೆಗೆಯಬಹುದು, ಬುರುಡೆ ಬಿರಿದಿದ್ದರೆ ಯಾವ ಜವಾರಿಯೂ ಉಳಿಸುವುದಿಲ್ಲ.

ಪೆಟ್ರೋಫ್ ಕಿರುಚುತ್ತದೆ ಎಂದಿರಿ. 20 ವರ್ಷ ತಂತಿಗೆ ಬಡಿದೂ ಬಡಿದೂ ಫೆಲ್ಟ್ ಗಟ್ಟಿಯಾಗಿ, ತುದಿಯಲ್ಲಿ ತಂತಿಯ ಗೆರೆಗಳು ಆಳವಾಗಿ ಕೊರೆದಿದ್ದರೆ ಯಾವ ಪಿಯಾನೋ ಆದರೂ ಕಿರುಚುತ್ತದೆ. ಅದು ಉಜ್ಜುಕಾಗದ ಮತ್ತು ಸೂಜಿಯ ಕೆಲಸ. ಬ್ಲೂತ್ನರ್‌ನ ಮೃದುತ್ವಕ್ಕೆ ಮಾತ್ರ ಎರಡು ಕಾರಣ ಇರಬಹುದು. ಒಂದು, ಒಡಲು ನಿಜಕ್ಕೂ ಚೆನ್ನಾಗಿದೆ. ಇನ್ನೊಂದು, ಪಿಯಾನೋ ಅರ್ಧ ಸ್ವರ ಕೆಳಗಿಳಿದು, ತಂತಿ ಸಡಿಲವಾಗಿ, ನುಸಿ ತಿಂದ ಫೆಲ್ಟ್ ಮೆತ್ತಗೆ ಬಡಿಯುತ್ತಿದೆ. ಸಡಿಲ ತಂತಿ ಯಾವಾಗಲೂ ಸಿಹಿ. ಹಳೇ ಪಿಯಾನೋದ 'ಮಧುರ ಕಂಠ' ಎಂದು ಹೊಗಳುವುದರಲ್ಲಿ ಅರ್ಧ ಪಾಲು ಇದೇ ಆಗಿರುತ್ತದೆ. ಇದನ್ನು ಅಲ್ಲೇ ಪರೀಕ್ಷಿಸಬಹುದು. ಮೊಬೈಲ್‌ನ ಟ್ಯೂನರ್ ಆ್ಯಪ್ ತೆರೆದು ಮಧ್ಯದ 'ಸಿ'ಯ ಮೇಲಿರುವ 'ಎ' ಒತ್ತಿ. 440 ಹರ್ಟ್ಸ್ ತೋರಿಸಿದರೆ ಸರಿ. 435 ಇದ್ದರೆ 20 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಕಡಿಮೆ, ಅದು 19ನೇ ಶತಮಾನದ ಯುರೋಪಿನ ಶ್ರುತಿ, ಚಿಂತೆ ಬೇಡ. 427 ಇದ್ದರೆ 50 ಸೆಂಟ್ ಕಡಿಮೆ. 415 ಇದ್ದರೆ ಪೂರಾ ಅರ್ಧ ಸ್ವರ, ಅಂದರೆ 100 ಸೆಂಟ್ ಇಳಿದಿದೆ. ತಂತಿಯ ಎಳೆತ ಆವರ್ತನದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅರ್ಧ ಸ್ವರ ಮೇಲೆತ್ತಿದರೆ ಎಳೆತ ಶೇ 12ರಷ್ಟು ಹೆಚ್ಚುತ್ತದೆ. ಚೌಕಟ್ಟಿನ ಮೇಲೆ 16 ಟನ್ ಇದ್ದ ಭಾರ 18 ಟನ್ ಆಗುತ್ತದೆ. ತುಕ್ಕು ಹಿಡಿದ ತಂತಿ ಅದನ್ನು ತಾಳದೆ ಪಟ್ ಎನ್ನುತ್ತದೆ. ತಾಳಿದರೂ ಆಮೇಲೆ ಬರುವ ನಾದ ನೀವು ಮೆಚ್ಚಿದ ನಾದ ಆಗಿರುವುದಿಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು ನಾದವಲ್ಲ, ಶ್ರುತಿ ನಿಲ್ಲುತ್ತದೆಯೇ ಎಂಬುದು. ನಮ್ಮ ಕಡೆಯ ಹವೆಯಲ್ಲಿ ಬಹುತೇಕ ಹಳೇ ಗ್ರ್ಯಾಂಡ್‌ಗಳು ಸೋಲುವುದು ಇಲ್ಲೇ.

ಒಂದು ಗ್ರ್ಯಾಂಡ್‌ನಲ್ಲಿ ಸುಮಾರು 230 ತಂತಿ. ಪ್ರತಿ ತಂತಿಯ ಒಂದು ತುದಿ 7 ಮಿ.ಮೀ. ದಪ್ಪದ ಉಕ್ಕಿನ ಪಿನ್‌ಗೆ ಸುತ್ತಿರುತ್ತದೆ. ಆ ಪಿನ್ ಪಿನ್‌ಬ್ಲಾಕ್ ಎಂಬ ಪದರಪದರದ ಮರದ ತೂತಿನಲ್ಲಿ ಬರೀ ಘರ್ಷಣೆಯಿಂದ ಕಚ್ಚಿಕೊಂಡಿರುತ್ತದೆ, ತಿರುಪೂ ಇಲ್ಲ, ಅಂಟೂ ಇಲ್ಲ. ಮರ ತೇವ ಹೀರಿ ಉಬ್ಬಿದಾಗ ಹಿಡಿತ ಬಿಗಿ, ಒಣಗಿದಾಗ ಸಡಿಲ. ನೀವು ಎರಡೂ ಪಿಯಾನೋಗಳನ್ನು ನೋಡಿದ್ದು ಆಗಸ್ಟ್‌ನಲ್ಲಿ, ಅದೂ ಕಡಲ ದಂಡೆಯಲ್ಲಿ. ಆ ಹೊತ್ತಿಗೆ ಸತ್ತ ಪಿನ್‌ಬ್ಲಾಕ್ ಕೂಡ ಪಿನ್ ಹಿಡಿದುಕೊಂಡಿರುತ್ತದೆ! ಅದೇ ಪಿಯಾನೋ ಬೆಳಗಾವಿಯ ಏಪ್ರಿಲ್‌ಗೆ ಬಂದರೆ ವಾರದಲ್ಲಿ ಶ್ರುತಿ ಜಾರತೊಡಗುತ್ತದೆ, ವಿಜಯಪುರದ ಮೇ ತಿಂಗಳಲ್ಲಿ ಎರಡೇ ದಿನ ಸಾಕು.

ಕಡಲ ದಂಡೆಯಲ್ಲಿ ಒಣ ದಿನಕ್ಕಾಗಿ ಕಾಯುವುದೂ ವ್ಯರ್ಥ, ವರ್ಷದ ಬಹುಪಾಲು ಅಲ್ಲಿ ತೇವವೇ. ಅದಕ್ಕಾಗಿ ತಂತ್ರಜ್ಞರಿಗೆ ಟಾರ್ಕ್ ವ್ರೆಂಚ್ (ಪಿನ್ ತಿರುಗಿಸಲು ಬೇಕಾದ ಬಲ ಅಳೆಯುವ ಸಾಧನ) ತರಲು ಹೇಳಿ. ಕೆಳಗಿನ ಸಪ್ತಕದಿಂದ ನಾಲ್ಕು, ಮಧ್ಯದಿಂದ ನಾಲ್ಕು, ಮೇಲಿನಿಂದ ನಾಲ್ಕು, ಹೀಗೆ ಹನ್ನೆರಡು ಪಿನ್ ಅಳೆಯಲಿ. ಹೊಸ ಪಿಯಾನೋದಲ್ಲಿ 10ರಿಂದ 15 ನ್ಯೂಟನ್ ಮೀಟರ್ ಇರುತ್ತದೆ. 5ರ ಕೆಳಗೆ ಬಂದರೆ ಒಣ ಊರಿನಲ್ಲಿ ಶ್ರುತಿ ನಿಲ್ಲದು. ಕಡಲತಡಿಯಲ್ಲಿ ಅಳೆದದ್ದು ಒಳನಾಡಿಗೆ ಬಂದಾಗ ಇಳಿಯುವುದು ಖಂಡಿತ. ಆದ್ದರಿಂದ ಗೋವಾದಲ್ಲೂ ಮುಂಬೈಯಲ್ಲೂ 9ಕ್ಕಿಂತ ಕಡಿಮೆ ಬಂದರೆ ಬೆಳಗಾವಿಗೆ ತರಬೇಡಿ ಎಂದೇ ನಮ್ಮ ಸಲಹೆ. ವ್ರೆಂಚ್ ಇಲ್ಲದವರು ಕಣ್ಣಿನಿಂದಲೇ ಕೆಲವು ಕುರುಹು ಹಿಡಿಯಬಹುದು. ಪಿನ್‌ಗಳನ್ನು ಒಳಕ್ಕೆ ಬಡಿದು ತಂತಿಯ ಸುರುಳಿ ಕಬ್ಬಿಣದ ಚೌಕಟ್ಟಿಗೆ ತಾಗುವಂತಾಗಿದೆಯೇ? ಸುತ್ತಲಿನವಕ್ಕಿಂತ ದಪ್ಪನೆಯ ಪಿನ್‌ಗಳು ಅಲ್ಲಲ್ಲಿ ಸೇರಿವೆಯೇ? ಪಿನ್ ಬುಡದಲ್ಲಿ ಕಪ್ಪನೆಯ ಜಿಡ್ಡಿನ ಕಲೆ ಇದೆಯೇ? ಮೊದಲ ಎರಡು ಹಳೇ ರಿಪೇರಿಯ ಗುರುತು. ಮೂರನೆಯದು ಯಾರೋ ಗ್ಲಿಸರಿನ್ ಬೆರೆಸಿದ ದ್ರಾವಣ ಸುರಿದು ಮರವನ್ನು ಉಬ್ಬಿಸಿದ್ದಾರೆ ಎಂದು ಹೇಳುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೋ ಕೊಬ್ಬರಿ ಎಣ್ಣೆಯೋ ಪಿನ್‌ಗೆ ತಾಗಿದ್ದರೆ ಕಥೆ ಮುಗಿಯಿತು. ತುಕ್ಕು ಹೋಗಲಿ ಎಂದು ತಂತಿಗೆ ಎಣ್ಣೆ ಸವರುವ 'ಕಾಳಜಿ' ಎಷ್ಟೋ ಒಳ್ಳೆಯ ಪಿಯಾನೋಗಳನ್ನು ಮೂಲೆ ಸೇರಿಸಿದೆ.

ಇನ್ನು ಒಡಲು. ಸೌಂಡ್‌ಬೋರ್ಡ್ ಎಂದರೆ ಸ್ಪ್ರೂಸ್ ಮರದ ಸುಮಾರು 8–9 ಮಿ.ಮೀ. ದಪ್ಪದ ಹಲಗೆ, ಅಡಿಯಲ್ಲಿ ಅಡ್ಡಪಟ್ಟಿಗಳು. ಅದು ಚಪ್ಪಟೆಯಲ್ಲ, ನಡುವೆ ಅತಿ ಸ್ವಲ್ಪ ಉಬ್ಬಿರಬೇಕು. ಆ ಉಬ್ಬು ತಂತಿಗೆ ಎದುರೊತ್ತುತ್ತದೆ, ಅದರಿಂದಲೇ ನಾದಕ್ಕೆ ಆಯುಸ್ಸು. ಪಿಯಾನೋ ಕೆಳಗೆ ಮಲಗಿ ಅತಿ ಉದ್ದದ ಅಡ್ಡಪಟ್ಟಿಯ ಪಕ್ಕ ಹಲಗೆಗೆ ತಾಗುವಂತೆ ಒಂದು ನೂಲನ್ನು ಈ ಅಂಚಿನಿಂದ ಆ ಅಂಚಿಗೆ ಬಿಗಿಯಾಗಿ ಹಿಡಿಯಿರಿ. ನಡುವೆ ನೂಲಿಗೂ ಹಲಗೆಗೂ ಒಂದೆರಡು ಮಿಲಿಮೀಟರ್ ಸಂದು ಕಂಡರೆ ಉಬ್ಬು ಉಳಿದಿದೆ. ಸಂದು ಇಲ್ಲದೆ ನೂಲು ಉದ್ದಕ್ಕೂ ಹಲಗೆಗೆ ಅಂಟಿಕೊಂಡರೆ ಉಬ್ಬು ಹೋಗಿದೆ. ಇಲ್ಲೂ ಒಂದು ಮಾತು ನೆನಪಿರಲಿ: ಮಳೆಗಾಲದಲ್ಲಿ ಹಲಗೆ ತೇವ ಕುಡಿದು ತಾನಾಗಿ ಉಬ್ಬುತ್ತದೆ, ಆಗಸ್ಟ್‌ನ ಅಳತೆ ಸ್ವಲ್ಪ ಉದಾರವೇ.

ಹಲಗೆಯಲ್ಲಿ ಬಿರುಕು ಕಂಡರೆ ಗಾಬರಿ ಬೇಡ. ಬಿರುಕು ಇದ್ದೂ ಚೆನ್ನಾಗಿ ಹಾಡುವ ಪಿಯಾನೋಗಳು ಬೇಕಾದಷ್ಟಿವೆ. ಬಿರುಕಿನ ಬಳಿ ಅಡ್ಡಪಟ್ಟಿ ಹಲಗೆಯಿಂದ ಬಿಟ್ಟುಕೊಂಡಿದೆಯೇ ಎಂಬುದೇ ಪ್ರಶ್ನೆ. ತೆಳ್ಳನೆಯ ಕಾಗದದ ಚೂರು ಅಲ್ಲಿ ಒಳಗೆ ಹೋದರೆ ಬಿಟ್ಟಿದೆ. ಹಳೇ ಪಿಯಾನೋಗಳ ಅಂಟು ಪ್ರಾಣಿಜನ್ಯ ಸರೇಸು, ಅದು ತೇವ ಮತ್ತು ಸೆಕೆ ಒಟ್ಟಿಗೆ ಬಂದರೆ ಮೆತ್ತಗಾಗುತ್ತದೆ. ಬಿಟ್ಟುಕೊಂಡ ಪಟ್ಟಿಯಿಂದ ಕೆಲವು ಸ್ವರಕ್ಕೆ ಮಾತ್ರ ಝರ್ ಎಂಬ ಸದ್ದು ಬರುತ್ತದೆ. ಆದರೆ ಝರ್ ಎಂದ ಕೂಡಲೇ ಸೌಂಡ್‌ಬೋರ್ಡ್ ಹೋಯಿತು ಎನ್ನಬೇಡಿ. ಹತ್ತರಲ್ಲಿ ಐದು ಸಲ ಕಾರಣ ತಂತಿಯ ಕೆಳಗೆ ಬಿದ್ದ ಪೆನ್ಸಿಲ್, ನಾಣ್ಯ, ಇಲ್ಲವೇ ಮುಚ್ಚಳದ ಸಡಿಲ ಕೀಲು. ಗೋಡೆಯ ಮೇಲಿನ ಫೋಟೋ ಚೌಕಟ್ಟೂ ಝರ್ ಎನ್ನುತ್ತದೆ.

ಬಿರುಕು ನಿಜಕ್ಕೂ ಕೆಡುಕಾಗುವುದು ಬ್ರಿಡ್ಜ್‌ನಲ್ಲಿ. ತಂತಿಯ ಕಂಪನವನ್ನು ಹಲಗೆಗೆ ಇಳಿಸುವ ಉದ್ದನೆಯ ಮರದ ಏಣು ಅದು. ಅದರ ಮೇಲೆ ಸಾಲಾಗಿ ಚಿಕ್ಕ ಪಿನ್‌ಗಳಿರುತ್ತವೆ. ಟಾರ್ಚ್ ಹಿಡಿದು, ಮುಖ್ಯವಾಗಿ ಮೇಲಿನ ಎರಡು ಸಪ್ತಕಗಳಲ್ಲಿ, ಪಿನ್‌ನಿಂದ ಪಿನ್‌ಗೆ ಕೂದಲೆಳೆಯಂಥ ಸೀಳು ಓಡಿದೆಯೇ ನೋಡಿ. ಓಡಿದ್ದರೆ ಒಂಟಿ ತಂತಿಯಲ್ಲೂ ಅಲೆಯಲೆಯಾಗಿ ನಡುಗುವ ಸದ್ದು ಬರುತ್ತದೆ, ಅದನ್ನು ಯಾವ ಟ್ಯೂನರ್ ಕೂಡ ತೆಗೆಯಲಾರ.

ಇಷ್ಟರಲ್ಲಿ ಪಿಯಾನೋ ಪಾಸಾದರೆ ಆಗ ನಾದ. ನೋಡಲು ಹೋಗುವ ಎರಡು ದಿನ ಮೊದಲು ಟ್ಯೂನ್ ಮಾಡಿಸಿರುವಂತೆ ಕೇಳಿ. ಶ್ರುತಿ ತಪ್ಪಿದ ಪಿಯಾನೋದಲ್ಲಿ ನಾದ ಅಳೆಯುವುದು ಶ್ರುತಿ ಸೇರಿಸದ ತಂಬೂರಿಯ ಮುಂದೆ ರಾಗದ ಗುಣ ಹೇಳಿದ ಹಾಗೆ. ಮುಚ್ಚಳ ಪೂರ್ತಿ ತೆರೆದಿರಲಿ. ಮೊದಲೇ ಮಗಳನ್ನು ಕೂರಿಸಿ ನುಡಿಸಲು ಹೇಳಬೇಡಿ. ಚೆನ್ನಾಗಿ ಬರುವ ಪೀಸನ್ನು ನುಡಿಸಿದರೆ ಎಲ್ಲ ಪಿಯಾನೋಗಳೂ ಚೆನ್ನಾಗಿಯೇ ಕೇಳುತ್ತವೆ.

ಒಂದೊಂದು ಸ್ವರವನ್ನು ಬೇರೆ ಬೇರೆ ಕೇಳಿ. ಪ್ರತಿ ಸಪ್ತಕದಿಂದ ಒಂದು 'ಸಿ' ಒಂದು 'ಜಿ' ಆರಿಸಿ, ಮೂರು ಬಲದಲ್ಲಿ ಒತ್ತಿ: ಉಸಿರಿನಷ್ಟು ಮೆಲ್ಲಗೆ, ಮಧ್ಯಮ, ಬಲವಾಗಿ. ಒಳ್ಳೆಯ ಪಿಯಾನೋದಲ್ಲಿ ಬಲ ಹೆಚ್ಚಿದಂತೆ ಸದ್ದು ಮಾತ್ರ ಹೆಚ್ಚುವುದಿಲ್ಲ, ಬಣ್ಣವೂ ಬದಲಾಗುತ್ತದೆ. ಮೆಲ್ಲಗೆ ದುಂಡಗೆ, ಮಧ್ಯಮದಲ್ಲಿ ತುಂಬಿ, ಬಲವಾಗಿ ಒತ್ತಿದಾಗ ಕಂಚಿನಂತೆ. ಎಷ್ಟೇ ಮೆಲ್ಲಗೆ ಒತ್ತಿದರೂ ಕಂಚೇ ಬಂದರೆ ಫೆಲ್ಟ್ ಗಟ್ಟಿಯಾಗಿದೆ. ಎಷ್ಟೇ ಬಲವಾಗಿ ಒತ್ತಿದರೂ ಮಬ್ಬಾಗಿಯೇ ಇದ್ದರೆ ಫೆಲ್ಟ್ ಸತ್ತಿದೆ, ಅಥವಾ ತಂತಿ ಸತ್ತಿದೆ. ಕೆಳಗಿನ ತಾಮ್ರ ಸುತ್ತಿದ ತಂತಿಗಳಲ್ಲಿ ಮಬ್ಬು ಇದ್ದರೆ ಸಾಮಾನ್ಯವಾಗಿ ತಂತಿಯದೇ ತಪ್ಪು: ಸುರುಳಿಯ ಸಂದಿಯಲ್ಲಿ ಧೂಳು, ಕಿಲುಬು ತುಂಬಿರುತ್ತದೆ. ಹೊಸ ತಂತಿ ಸುತ್ತಿಸಿದರೆ ಆ ಭಾಗ ಮತ್ತೆ ಬದುಕುತ್ತದೆ.

ಆಮೇಲೆ ಐದು, ಆರನೇ ಸಪ್ತಕಕ್ಕೆ ಬನ್ನಿ, ಮಧ್ಯದ 'ಸಿ'ಗಿಂತ ಒಂದು ಸಪ್ತಕ ಮೇಲಿನಿಂದ ಶುರುವಾಗುವ ಜಾಗ. ಪಶ್ಚಿಮದ ತಂತ್ರಜ್ಞರು ಇದಕ್ಕೆ 'ಕೊಲ್ಲುವ ಸಪ್ತಕ' ಎಂದೇ ಹೆಸರಿಟ್ಟಿದ್ದಾರೆ. ಪಿಯಾನೋ ವಯಸ್ಸಾದಂತೆ ಮೊದಲು ಉಸಿರು ಕಳೆದುಕೊಳ್ಳುವುದು ಇಲ್ಲೇ. ಕೈಬೆರಳು ಒತ್ತಿ ಹಿಡಿದು, ಸದ್ದು ಪೂರ್ತಿ ಇಂಗುವವರೆಗೆ ಎಣಿಸಿ. ಪಕ್ಕದ ಸ್ವರಗಳೊಡನೆ ಹೋಲಿಸುತ್ತ ಹೋಗಿ. ಎಣಿಕೆ ನಿಧಾನವಾಗಿ ಕಡಿಮೆಯಾಗುತ್ತ ಹೋಗುವುದು ಸಹಜ. ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಅರ್ಧಕ್ಕೆ ಬಿದ್ದು 'ಟಕ್' ಎಂದು ಮುಗಿದರೆ ಅಲ್ಲಿ ನಿಲ್ಲಿ.

ಆ ಸ್ವರಕ್ಕೆ ಒಂದು ಸರಳ ಪರೀಕ್ಷೆ ಇದೆ, ಕೊಳ್ಳುವವರು ಇದೊಂದನ್ನು ಕಲಿತರೆ ಸಾಕು. ಎಡಗೈಯಿಂದ ಆ ಕೀಯನ್ನು ಸದ್ದಾಗದಂತೆ ನಿಧಾನ ಒತ್ತಿ ಹಿಡಿಯಿರಿ, ತಂತಿಯನ್ನು ಒತ್ತಿ ಸುಮ್ಮನಿರಿಸುವ ಡ್ಯಾಂಪರ್ ಮೇಲೇಳುತ್ತದೆ. ಬಲಗೈ ಉಗುರಿನಿಂದ ಅದರ ಒಂದು ತಂತಿಯನ್ನು ಮೀಟಿ. ಮೀಟಿದಾಗ ಉದ್ದಕ್ಕೆ ಝೇಂಕರಿಸಿ, ಹ್ಯಾಮರ್ ಬಡಿದಾಗ ಮಾತ್ರ ಬೇಗ ಸತ್ತರೆ ತಪ್ಪು ಹ್ಯಾಮರ್‌ನದು ಅಥವಾ ಅದು ಬಡಿಯುವ ಜಾಗದ್ದು, ಅದಕ್ಕೆ ಮದ್ದಿದೆ. ಮೀಟಿದರೂ ಬಡಿದರೂ ಒಂದೇ ರೀತಿ ಬೇಗ ಇಂಗಿದರೆ ತಪ್ಪು ಒಡಲಿನದು, ಅದಕ್ಕೆ ಅಗ್ಗದ ಮದ್ದಿಲ್ಲ. ಮೀಟಿದ ಮೇಲೆ ತಂತಿಯನ್ನು ಒಣಬಟ್ಟೆಯಿಂದ ಒರೆಸಿ, ಬೆವರು ತಾಗಿದಲ್ಲಿ ತುಕ್ಕು ಹತ್ತುತ್ತದೆ. ಬಡಿಯುವ ಜಾಗದ ಮಾತು ಬಂದದ್ದಕ್ಕೆ ಇನ್ನೊಂದು: ಅತಿ ಮೇಲಿನ ಸಪ್ತಕದಲ್ಲಿ ಹ್ಯಾಮರ್ ಒಂದು ಮಿಲಿಮೀಟರ್ ಆಚೀಚೆ ಬಡಿದರೂ ನಾದ ಹೋಗಿ ಕಟ್ಟಿಗೆಯ ಸದ್ದು ಮಾತ್ರ ಉಳಿಯುತ್ತದೆ. ತಂತ್ರಜ್ಞರು ಆಕ್ಷನ್ ಅನ್ನು (ಹ್ಯಾಮರ್ ಬಡಿಸುವ ಯಂತ್ರವನ್ನು) ತುಸುವೇ ಒಳಗೆ ಹೊರಗೆ ಸರಿಸಿ ನುಡಿಸಿದರೆ ಎಲ್ಲಿ ಸದ್ದು ಅರಳುತ್ತದೆ ಎಂದು ನಿಮಗೂ ಕೇಳುತ್ತದೆ.

ಮೂರನೆಯದು ತಾಮ್ರ ಸುತ್ತಿದ ತಂತಿ ಮುಗಿದು ಬರಿಯ ಉಕ್ಕಿನ ತಂತಿ ಶುರುವಾಗುವ ಗಡಿ, ಕೆಳಗಿನಿಂದ ಎರಡು, ಎರಡೂವರೆ ಸಪ್ತಕದ ಆಸುಪಾಸು. ಅಲ್ಲಿ ಒಂದೊಂದೇ ಕೀ ಬಿಡದೆ ಹತ್ತಿ ಇಳಿಯಿರಿ. ಗಡಿ ದಾಟುವಾಗ ಒಬ್ಬ ಹಾಡುಗಾರ ಎದ್ದು ಇನ್ನೊಬ್ಬ ಕೂತಂತೆ ಕೇಳಿದರೆ ವಿನ್ಯಾಸದ ಮಿತಿ ಅದು, ಸರಿಪಡಿಸಲು ಆಗದು. ಚಿಕ್ಕ ಗ್ರ್ಯಾಂಡ್‌ಗಳಲ್ಲಿ ಇದು ಎದ್ದು ಕಾಣುತ್ತದೆ. 274 ಸೆಂ.ಮೀ.ನ ಸಂಗೀತ ಕಚೇರಿಯ ಪಿಯಾನೋದಲ್ಲಿ ಅತಿ ಕೆಳಗಿನ ತಂತಿ ಸುಮಾರು 2 ಮೀಟರ್ ಇದ್ದರೆ, 173ರಲ್ಲಿ ಒಂದೂಕಾಲು ಮೀಟರ್‌ನ ಆಚೀಚೆ. ಗಿಡ್ಡ ತಂತಿ ದಪ್ಪಗಿರಲೇಬೇಕು, ದಪ್ಪ ತಂತಿಯ ಉಪಸ್ವರಗಳು ಮೂಲ ಸ್ವರದೊಡನೆ ಪೂರ್ತಿ ಸೇರುವುದಿಲ್ಲ. ಈ ವಿಷಯದಲ್ಲಿ ಮಾತ್ರ 190ರ ಬ್ಲೂತ್ನರ್ ಹುಟ್ಟಾ ಮುಂದಿದೆ.

ಇನ್ನು ಹೆಸರುಗಳ ಮಾತು. ಯುರೋಪಿನ ತಯಾರಕರ ನಾದ ಒಂದೊಂದು ಬಗೆ ಎನ್ನುವುದು ಸುಳ್ಳಲ್ಲ, ಆದರೆ ಅಂಗಡಿಯವರು ಹೇಳುವಷ್ಟು ದೊಡ್ಡದೂ ಅಲ್ಲ. 1828ರಲ್ಲಿ ವಿಯೆನ್ನಾದಲ್ಲಿ ಶುರುವಾದ ಬೋಸೆಂಡಾರ್ಫರ್ ತನ್ನ ಪೆಟ್ಟಿಗೆಯ ಸುತ್ತುಗೋಡೆಗೂ ಸ್ಪ್ರೂಸ್ ಬಳಸುತ್ತದೆ, ಇಡೀ ಪೆಟ್ಟಿಗೆ ಸೇರಿ ಕಂಪಿಸಲಿ ಎಂದು. ನಾದ ಮೆಲ್ಲಗೆ ಅರಳುತ್ತದೆ, ಕೋಣೆಯೊಳಗೆ ಸುಖ. ಹ್ಯಾಂಬರ್ಗ್ ಸ್ಟೈನ್‌ವೇ ಗಟ್ಟಿಮರದ ಸುತ್ತುಗೋಡೆಯಿಂದ ಶಕ್ತಿಯನ್ನು ಹಲಗೆಯಲ್ಲೇ ಹಿಡಿದಿಟ್ಟು ದೂರಕ್ಕೆ ಎಸೆಯುತ್ತದೆ, ದೊಡ್ಡ ಸಭಾಂಗಣಕ್ಕೆ ಹೇಳಿ ಮಾಡಿಸಿದ್ದು, 14 ಅಡಿಯ ಹಾಲ್‌ನಲ್ಲಿ ಅದರ ಗುಣ ಅರ್ಧ ವ್ಯರ್ಥ. ಬೆಖ್‌ಸ್ಟೈನ್ ಮತ್ತು ಬ್ಲೂತ್ನರ್ ಎರಡೂ 1853ರವು, ಒಂದು ಬರ್ಲಿನ್‌ನಲ್ಲಿ, ಇನ್ನೊಂದು ಲೈಪ್ಜಿಗ್‌ನಲ್ಲಿ. ಹಳೇ ಬೆಖ್‌ಸ್ಟೈನ್ ಸ್ಪಷ್ಟ, ದಳದಳ ಬಿಡಿಸಿದಂತೆ ಕೇಳುತ್ತದೆ. ಬ್ಲೂತ್ನರ್ ತುಂಬು, ಬೆಚ್ಚಗೆ. ಅದರ ಮೇಲಿನ ಸಪ್ತಕಗಳಲ್ಲಿ ಮೂರು ತಂತಿಯ ಜೊತೆ ಹ್ಯಾಮರ್ ಬಡಿಯದ ನಾಲ್ಕನೆಯ ತಂತಿ ಇರುತ್ತದೆ, ನಮ್ಮ ಸಿತಾರಿನ ತರಬಿನ ಹಾಗೆ ಅನುರಣಿಸಲು. 1873ರಲ್ಲಿ ಪೇಟೆಂಟ್ ಪಡೆದ ಏರ್ಪಾಡು ಅದು. ಆ ನಾಲ್ಕನೆಯ ತಂತಿಗಳು ತುಂಡಾಗಿವೆಯೇ, ಶ್ರುತಿಯಲ್ಲಿವೆಯೇ ನೋಡಿ. ಶ್ರುತಿ ತಪ್ಪಿದ ತರಬು ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ಪೆಟ್ರೋಫ್ 1864ರಿಂದ ಬೊಹೀಮಿಯಾದ ಹ್ರಾಡೆಟ್ಸ್ ಕ್ರಾಲೊವೆಯದು, ಮಧ್ಯ ಸಪ್ತಕಗಳಲ್ಲಿ ಕಪ್ಪು ಬೆಲ್ಲದಂಥ ಗಾಢ ನಾದ ಅದರ ಗುಣ. ನಿಮಗೆ ಕೇಳಿಸಿದ ಕಿರುಚಾಟ ಅದರ ಹುಟ್ಟುಗುಣವಲ್ಲ.

ಹೆಸರಿಗಿಂತ ಮುಖ್ಯವಾದದ್ದು ಆಕ್ಷನ್, ಅಂದರೆ ಕೀಯಿಂದ ಹ್ಯಾಮರ್‌ವರೆಗಿನ ಯಂತ್ರ. ಮೊದಲ ಮಹಾಯುದ್ಧದ ಹೊತ್ತಿನವರೆಗೆ ಹಲವು ಬ್ಲೂತ್ನರ್‌ಗಳಲ್ಲಿ ಕಂಪನಿಯದೇ ಪೇಟೆಂಟ್ ಆಕ್ಷನ್ ಇತ್ತು. 1821ರಲ್ಲಿ ಪ್ಯಾರಿಸ್‌ನ ಎರಾರ್ಡ್ ಕಂಡುಹಿಡಿದು ಇಂದು ಎಲ್ಲ ಗ್ರ್ಯಾಂಡ್‌ಗಳಲ್ಲಿರುವ ಪುನರಾವರ್ತನೆಯ ಸನ್ನೆಕೋಲು ಅದರಲ್ಲಿಲ್ಲ. ಪರೀಕ್ಷೆ ಹೀಗೆ: ಒಂದು ಕೀ ಪೂರ್ತಿ ಒತ್ತಿ, ಅರ್ಧಕ್ಕೆ ಮಾತ್ರ ಮೇಲೆ ಬಿಟ್ಟು, ಮತ್ತೆ ಒತ್ತಿ. ಮತ್ತೆ ನುಡಿದರೆ ಇಂದಿನ ಆಕ್ಷನ್. ಮೌನವಾದರೆ ಹಳೆಯದು, ಇಲ್ಲವೇ ಹೊಂದಾಣಿಕೆ ಕೆಟ್ಟಿದೆ. 6ನೇ ಗ್ರೇಡ್ ದಾಟಿದ ವಿದ್ಯಾರ್ಥಿಗೆ ಟ್ರಿಲ್ (ಪಕ್ಕಪಕ್ಕದ ಎರಡು ಸ್ವರಗಳ ವೇಗದ ಅದಲುಬದಲು), ಒಂದೇ ಸ್ವರದ ವೇಗದ ಆವರ್ತನೆ ದಿನವೂ ಬೇಕು. ಹಳೇ ಆಕ್ಷನ್‌ನಲ್ಲಿ ಕಲಿತ ಕೈ ಪರೀಕ್ಷೆಯ ಪಿಯಾನೋದ ಮುಂದೆ ತಡವರಿಸುತ್ತದೆ. ಅದರ ಬಿಡಿಭಾಗ ಸಿಗುವುದೂ, ಅದನ್ನು ಬಲ್ಲವರು ಸಿಗುವುದೂ ಕಷ್ಟ. ಹಳೇ ಬೋಸೆಂಡಾರ್ಫರ್‌ಗಳಲ್ಲಿ ವಿಯೆನ್ನಾ ಆಕ್ಷನ್ ಇದ್ದರೆ, ಅಂದರೆ ಹ್ಯಾಮರ್‌ಗಳು ಕೀಯ ಮೇಲೆಯೇ ಕೂತು ನುಡಿಸುವವರ ಕಡೆ ಮುಖ ಮಾಡಿದ್ದರೆ, ವಿದ್ಯಾರ್ಥಿಗೆ ಅದು ಬೇಡವೇ ಬೇಡ.

ಕೀಯ ಭಾರ ಅಳೆಯಲು ತಂತ್ರಜ್ಞರನ್ನು ಕಾಯಬೇಕಿಲ್ಲ. ಒಂದು ರೂಪಾಯಿಯ ನಾಣ್ಯಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 50 ಗ್ರಾಂ ಆಗುವಷ್ಟು ತೂಗಿ ಟೇಪ್ ಸುತ್ತಿ ಒಂದು ಕಟ್ಟು ಮಾಡಿ, 20 ಗ್ರಾಂನ ಇನ್ನೊಂದು ಕಟ್ಟು. ಬಲಗಡೆಯ ಪೆಡಲ್ ಒತ್ತಿಟ್ಟು ಮೊದಲ ಕಟ್ಟನ್ನು ಬಿಳಿ ಕೀಯ ಮುಂತುದಿಯಲ್ಲಿಡಿ. ಕೀ ತಾನಾಗಿ ನಿಧಾನವಾಗಿ ಇಳಿಯಬೇಕು. ಕೀಯನ್ನು ಕೆಳಗೊತ್ತಿ 20 ಗ್ರಾಂನ ಕಟ್ಟು ಇಟ್ಟು ಬಿಟ್ಟರೆ ಅದನ್ನು ಹೊತ್ತು ಮೇಲೇಳಬೇಕು. ಇಳಿಯಲು 60ಕ್ಕಿಂತ ಹೆಚ್ಚು ಬೇಕಾಗಿ, ಏಳುವಾಗಲೂ ಸೋಮಾರಿಯಾದರೆ ಒಳಗಿನ ಕೀಲುಗಳ ಬಟ್ಟೆ ತೇವಕ್ಕೆ ಉಬ್ಬಿ ಬಿಗಿದಿದೆ. ಆಗಸ್ಟ್‌ನಲ್ಲಿ ಇದು ಸಾಮಾನ್ಯ, ಕೀಲು ಬಿಡಿಸುವ ಕೆಲಸ ದೊಡ್ಡದಲ್ಲ. ಎಣ್ಣೆ ಮಾತ್ರ ಅಲ್ಲೂ ಬೇಡ.

ಆನೆದಂತದ ವಿಷಯವನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಹೇಳಲೇಬೇಕು. ಆ ಕಾಲದ ಜರ್ಮನ್ ಪಿಯಾನೋಗಳ ಬಿಳಿ ಕೀಗಳಿಗೆ ದಂತದ ಹೊದಿಕೆ ಇರುವುದು ಸಾಮಾನ್ಯ. ಪ್ರತಿ ಬಿಳಿ ಕೀಯ ಮೇಲೆ ಕಪ್ಪು ಕೀ ಶುರುವಾಗುವಲ್ಲಿ ಅಡ್ಡಕ್ಕೆ ಕೂದಲೆಳೆಯ ಜೋಡಣೆ ಗೆರೆ, ಮತ್ತು ಮರದಂತೆ ಸೂಕ್ಷ್ಮ ನಾರು ಕಂಡರೆ ಅದು ದಂತ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಬಂದ ತಿದ್ದುಪಡಿಯ ನಂತರ ಆಫ್ರಿಕಾದ ದಂತದ ವ್ಯಾಪಾರವೂ ನಮ್ಮಲ್ಲಿ ನಿಷಿದ್ಧ. ಬ್ಲೂತ್ನರ್ ಕೀಗಳು ದಂತದ್ದಾಗಿದ್ದರೆ ಹಣ ಕೊಡುವ ಮೊದಲು ವಕೀಲರನ್ನು ಕೇಳಿ. ಕೀಗಳನ್ನು ಎಣಿಸಲೂ ಮರೆಯಬೇಡಿ. ಆ ಕಾಲದ ಹಲವು ಪಿಯಾನೋಗಳಲ್ಲಿ 88ರ ಬದಲು 85 ಇರುತ್ತವೆ. ಪರೀಕ್ಷೆಯ ಪೀಸ್‌ಗಳಿಗೆ ಅಷ್ಟು ಸಾಲದು ಎಂದಾಗುವುದು ಅಪರೂಪ.

ಹಾಲ್ ಬಗ್ಗೆ. 18ಕ್ಕೆ 14 ಅಡಿಯ ಕೋಣೆಗೆ 170ರಿಂದ 190 ಸೆಂ.ಮೀ. ಧಾರಾಳ. ಟೈಲ್ಸ್ ನೆಲ, ಗಾರೆ ಗೋಡೆ, ಗಾಜಿನ ಕಿಟಕಿ ಮೂರೂ ಸೇರಿದರೆ ಮೇಲಿನ ಸ್ವರಗಳು ಗೋಡೆಗೆ ಬಡಿದು ಮರಳಿ ಬಂದು ಎಂಥ ಪಿಯಾನೋವನ್ನೂ ಕಿರುಚಿಸುತ್ತವೆ. ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವಾಗಿ ಕೇಳುವುದನ್ನು ಮಕ್ಕಳು ಖುಷಿಯಿಂದ ಎಣಿಸುತ್ತಾರೆ, ಅದೇ ಗುಣ ಮನೆಯೊಳಗೆ ಸಣ್ಣ ಪ್ರಮಾಣದಲ್ಲಿ ಇದ್ದರೆ ಎಡಗೈ ಬಲಗೈ ಕಲಸಿಹೋಗುತ್ತವೆ. ಪಿಯಾನೋ ಅಡಿಗೆ ಅದರ ನೆರಳಿನಷ್ಟು ಅಗಲದ ದಪ್ಪ ಜಮಖಾನ, ಎದುರು ಗೋಡೆಗೆ ಪುಸ್ತಕದ ಕಪಾಟು, ಕಿಟಕಿಗೆ ಮಡಿಕೆ ಬಿದ್ದ ಪರದೆ. ಹೊರಗೋಡೆಗೆ, ಅದರಲ್ಲೂ ಮಳೆ ಬಡಿಯುವ ಪಶ್ಚಿಮದ ಗೋಡೆಗೆ ಒತ್ತಿ ಇಡಬೇಡಿ.

ಇನ್ನು ಊರು. ಟಿಳಕವಾಡಿಯ ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಮನೆಯೊಳಗಿನ ಆರ್ದ್ರತೆ ಶೇ 85 ದಾಟುತ್ತದೆ. ಏಪ್ರಿಲ್‌ನ ಮಧ್ಯಾಹ್ನ 30ಕ್ಕೆ ಇಳಿಯುತ್ತದೆ. ಶೇ 85ರಲ್ಲಿ ಬಹಳ ದಿನ ಇದ್ದ ಮರ ತನ್ನ ತೂಕದ ಶೇ 17ರಷ್ಟು ನೀರು ಹಿಡಿದುಕೊಳ್ಳುತ್ತದೆ, 30ರಲ್ಲಿ 6ರಷ್ಟು. ಪಿಯಾನೋಗೆ ಬೇಕಾದದ್ದು 40ರಿಂದ 60ರ ನಡುವೆ ನೆಮ್ಮದಿಯಾಗಿ ನಿಲ್ಲುವ ಹವೆ. ಬೆಳಗಾವಿಯ ತೊಂದರೆ ತೇವ ಅಲ್ಲ, ಏರಿಳಿತ. ಮಳೆಗಾಲದಲ್ಲಿ ಹಲಗೆ ಉಬ್ಬಿ ಮಧ್ಯ ಸಪ್ತಕ 15–20 ಸೆಂಟ್ ಮೇಲೇರುವುದು, ಬೇಸಿಗೆಯಲ್ಲಿ ಅಷ್ಟೇ ಇಳಿಯುವುದು ಇಲ್ಲಿ ಮಾಮೂಲು. ಹಲಗೆಯ ಅಡಿಗೆ ಕಟ್ಟುವ ಬಿಸಿಕಡ್ಡಿಯ ತೇವಹಾರಿ ಸಿಗುತ್ತದೆ. ಆರ್ದ್ರತೆ ನೋಡಿ ತಾನಾಗಿ ಆನ್-ಆಫ್ ಆಗುವ ಹ್ಯುಮಿಡಿಸ್ಟಾಟ್ ಇಲ್ಲದ ಕಡ್ಡಿಯನ್ನು ಮಾತ್ರ ಕಟ್ಟಿಸಬೇಡಿ. ಮಳೆಗಾಲದಲ್ಲಿ ಉಪಕಾರ ಮಾಡಿದ್ದೇ ಮಾರ್ಚ್‌ನಲ್ಲಿ ಹಲಗೆಯನ್ನು ಹುರಿದು ಬಿಡುತ್ತದೆ.

ವಿಜಯಪುರದ್ದು ಬೇರೆಯೇ ಲೆಕ್ಕ. ಅಲ್ಲಿ ಮಳೆ ಕಡಿಮೆ, ಬಿಸಿಲು 40 ಡಿಗ್ರಿ ದಾಟುತ್ತದೆ, ಬೇಸಿಗೆಯ ಮಧ್ಯಾಹ್ನ ಆರ್ದ್ರತೆ ಶೇ 25ಕ್ಕೂ ಕೆಳಗಿಳಿಯುವುದುಂಟು. ನೂರು ವರ್ಷ ಕಡಲಗಾಳಿ ಕುಡಿದ ಮರವನ್ನು ಅಲ್ಲಿ ಇಳಿಸಿದರೆ ಹಲಗೆ, ಬ್ರಿಡ್ಜ್, ಪಿನ್‌ಬ್ಲಾಕ್ ಮೂರೂ ಒಟ್ಟಿಗೆ ಬಿರಿಯುವ ಅಪಾಯ ನಿಜವಾದದ್ದು. ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿದೆ, ತಂಪಿರುತ್ತದೆ ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ, ಮನೆಯೊಳಗಿನ ಒಣಹವೆಗೆ ಅದರಿಂದ ಹೆಚ್ಚೇನೂ ಆಗದು. ವಿಜಯಪುರದಲ್ಲಿ ಬೇಕಾದದ್ದು ತೇವ ಕೊಡುವ ಯಂತ್ರ, ಮುಚ್ಚಿದ ಕಿಟಕಿ. ಗಾಳಿಗೆ ನೀರು ಚಿಮ್ಮುವ ಏರ್ ಕೂಲರ್‌ನ ಬಾಯಿಗೆ ಪಿಯಾನೋ ಇಡುವುದು ಎರಡೂ ಊರುಗಳಲ್ಲಿ ಕಾಣುವ ತಪ್ಪು, ತಂತಿಗೆ ಅದಕ್ಕಿಂತ ಬೇಗ ತುಕ್ಕು ತರುವುದು ಇನ್ನೊಂದಿಲ್ಲ.

ಎಲ್ಲ ಸೇರಿಸಿ ನೋಡಿದರೆ ನಿಮ್ಮ ಮನೆಗೆ ಪೆಟ್ರೋಫ್. ವರ್ಗಾವಣೆಯ ಮಾತು ಇರದಿದ್ದರೆ, ಬ್ಲೂತ್ನರ್‌ಗೆ ಹೊಸ ಪಿನ್‌ಬ್ಲಾಕ್, ಹೊಸ ತಂತಿ ಈಗಾಗಲೇ ಹಾಕಿಸಿದ್ದರೆ, ಆಕ್ಷನ್ ಪರೀಕ್ಷೆಯಲ್ಲಿ ಅದು ಗೆದ್ದರೆ ಉತ್ತರ ಬೇರೆಯಾಗಬಹುದಿತ್ತು. ಪೆಟ್ರೋಫ್‌ಗೂ ಪಿನ್ ಅಳತೆ, ಬ್ರಿಡ್ಜ್, ಮೀಟುವ ಪರೀಕ್ಷೆ ಬಿಡಬೇಡಿ, 20 ವರ್ಷ ಚಿಕ್ಕ ವಯಸ್ಸೇನಲ್ಲ. ಅದು ಪಾಸಾದರೆ, ಪೂರ್ತಿ ಹಣ ಕೊಡುವ ಮುಂಚೆ ಹ್ಯಾಮರ್‌ಗಳನ್ನು ಸರಿಪಡಿಸಿ ಕೊಡಲು ಕೇಳಿ. ಕೆಲಸ ನಡೆಯುವಾಗ ಪಕ್ಕದಲ್ಲಿರಿ. ಮೊದಲು ಉಜ್ಜುಕಾಗದದಿಂದ ಗೆರೆಗಳು ಹೋಗುವಷ್ಟು ಮಾತ್ರ ಫೆಲ್ಟ್ ತೆಗೆದು ಮೊಟ್ಟೆಯ ಆಕಾರ ತರಬೇಕು. ಅತಿ ಮೇಲಿನ ಹ್ಯಾಮರ್‌ಗಳಲ್ಲಿ ಮರದ ಮೇಲೆ 2 ಮಿ.ಮೀ. ಫೆಲ್ಟ್ ಕೂಡ ಉಳಿದಿರದಿದ್ದರೆ ಉಜ್ಜಲು ಏನೂ ಇಲ್ಲ, ಹೊಸ ಸೆಟ್ ಬೇಕು, ಬೆಲೆ ಇಳಿಸಲು ಕೇಳಿ. ಆಮೇಲೆ ಸೂಜಿ. ತಂತಿಗೆ ತಾಗುವ ತುದಿಯನ್ನು ಗಡಿಯಾರದ 12 ಎಂದುಕೊಂಡರೆ ಸೂಜಿ ಇಳಿಯಬೇಕಾದದ್ದು 9ರಿಂದ 11ರ ನಡುವೆ ಮತ್ತು 1ರಿಂದ 3ರ ನಡುವೆ, ಆಳಕ್ಕೆ. 12ರ ಮೇಲೆಯೇ ಚುಚ್ಚುವವರ ಕೈಯಿಂದ ಉಪಕರಣ ಕಿತ್ತುಕೊಳ್ಳಿ. ಅದರಿಂದ ಆ ದಿನ ನಾದ ಮೃದುವಾಗುತ್ತದೆ, ತಿಂಗಳಲ್ಲಿ ಫೆಲ್ಟ್ ಸಡಿಲಾಗಿ ಮಬ್ಬಾಗುತ್ತದೆ. ಕೆಲಸಕ್ಕೆ ಮೊದಲೂ ನಂತರವೂ ಮೊಬೈಲ್ ಅನ್ನು ಒಂದೇ ಜಾಗದಲ್ಲಿಟ್ಟು ಅದೇ 'ಸಿ', 'ಜಿ' ಸ್ವರಗಳನ್ನು ರೆಕಾರ್ಡ್ ಮಾಡಿ ಮನೆಗೆ ಬಂದು ಕೇಳಿ.

ಸಾಗಣೆ ನವೆಂಬರ್‌ನಲ್ಲಿ ಇಟ್ಟುಕೊಳ್ಳಿ, ಮಳೆಯಲ್ಲಿ ಬೇಡ. 300 ಕಿಲೋ ಆಸುಪಾಸಿನ ತೂಕ, ಆರು ಜನ ಹಮಾಲರು. ಮುಚ್ಚಳ, ಪೆಡಲ್‌ಗಳ ಚೌಕಟ್ಟು, ಎಡಗಡೆಯ ಮುಂಗಾಲು ಕಳಚಿ, ಉದ್ದನೆಯ ನೇರ ಬದಿಯ ಮೇಲೆ ನಿಧಾನ ಒರಗಿಸಿ, ಹಲಗೆಗೆ ಪಟ್ಟಿ ಬಿಗಿದು, ಆಮೇಲೆ ಉಳಿದೆರಡು ಕಾಲು ಬಿಚ್ಚಬೇಕು. ಮೊದಲು ಕಂಬಳಿ, ಅದರ ಮೇಲೆ ಪ್ಲಾಸ್ಟಿಕ್. ಬರೀ ಪ್ಲಾಸ್ಟಿಕ್ ಸುತ್ತಿದರೆ ಘಾಟಿನ ಚಳಿಗೆ ಒಳಗೆ ಹನಿ ಕಟ್ಟುತ್ತದೆ. ಮನೆಗೆ ಬಂದ ದಿನವೇ ಟ್ಯೂನರ್‌ನನ್ನು ಕರೆಯಬೇಡಿ, ಮೂರು ವಾರ ಹಾಗೇ ಬಿಡಿ. ಆಮೇಲೆ ವರ್ಷಕ್ಕೆ ಎರಡು ಸಲ: ಮಳೆ ಹಿಡಿದು ಮರ ಉಬ್ಬಿ ನಿಂತ ಜುಲೈ ಕೊನೆಗೆ ಒಮ್ಮೆ, ಒಣಗಿ ನಿಂತ ಡಿಸೆಂಬರ್‌ನಲ್ಲಿ ಇನ್ನೊಮ್ಮೆ. ಜೂನ್‌ನಲ್ಲಿ ಮಾಡಿಸಿದ ಟ್ಯೂನಿಂಗ್ ಹದಿನೈದು ದಿನವೂ ಬಾಳುವುದಿಲ್ಲ.